ಅದೇ ದೃಶ್ಯ, ಬೇರೆ ಮಗು: ಬಾಲ್ಯದ ಆಘಾತ, ನೆನಪು ಮತ್ತು ಸಿನಿಮಾ

ಪ್ರಶ್ನೆ: ಬಾಲ್ಯದಲ್ಲಾದ ಆಘಾತವನ್ನು ಕುರಿತ ಸಿನಿಮಾಗಳಲ್ಲಿ ಒಂದೇ ಘಟನೆಯನ್ನು ಮೊದಲು ಒಂದು ರೀತಿಯಲ್ಲಿಯೂ ಆಮೇಲೆ ಇನ್ನೊಂದು ರೀತಿಯಲ್ಲಿಯೂ ತೋರಿಸುತ್ತಾರೆ. ಇದು ಪ್ರೇಕ್ಷಕರನ್ನು ಬೆಚ್ಚಿಬೀಳಿಸಲು ನಿರ್ದೇಶಕರು ಹೂಡುವ ತಂತ್ರವೇ ಅಥವಾ ನೆನಪು ನಿಜವಾಗಿಯೂ ಹೀಗೆ ಬದಲಾಗುತ್ತದೆಯೇ? ಬದಲಾಗುತ್ತದೆ ಎಂದಾದರೆ, ‘ನೊಂದವರ ಮಾತನ್ನು ನಂಬುವಂತಿಲ್ಲ’ ಎನ್ನುವವರ ಕೈಗೆ ಇಂಥ ಸಿನಿಮಾಗಳು ಅಸ್ತ್ರ ಕೊಟ್ಟಂತಾಗುವುದಿಲ್ಲವೇ?

ಉತ್ತರ: ನೆನಪು ಬದಲಾಗುತ್ತದೆ, ಮತ್ತು ಅದನ್ನು ತೆರೆಗೆ ತರಲು ತಂತ್ರವೂ ಬೇಕಾಗುತ್ತದೆ, ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಯ ಎರಡು ಆಯ್ಕೆಗಳೂ ನಿಜವೇ. ಆದರೆ ಅಲ್ಲಿಂದ ಎರಡನೆಯ ಪ್ರಶ್ನೆಗೆ ಬರುವಾಗ ನಾವೆಲ್ಲರೂ ಒಂದು ಮೆಟ್ಟಿಲನ್ನು ಹಾರಿಬಿಡುತ್ತೇವೆ. ಘಟನೆ ನಡೆಯಿತೇ ಇಲ್ಲವೇ ಎಂಬುದು ಒಂದು ವಿಷಯ, ನಡೆದ ಘಟನೆ ಇಂದಿನ ಮನಸ್ಸಿನಲ್ಲಿ ಯಾವ ರೂಪದಲ್ಲಿ ಉಳಿದಿದೆ ಎಂಬುದು ಬೇರೆಯೇ ವಿಷಯ. ರೂಪ ಬದಲಾದ ಮಾತ್ರಕ್ಕೆ ಘಟನೆ ಸುಳ್ಳಾಗುವುದಿಲ್ಲ. ಈ ಅಂತರವನ್ನು ಕಾಯ್ದುಕೊಂಡ ಸಿನಿಮಾಗಳು ಕೆಲವೇ ಇವೆ, ಕಲಸಿಬಿಟ್ಟವು ಬಹಳ ಇವೆ; ನನ್ನ ಉತ್ತರವೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ.

ಸಿನಿಮಾ ಇನ್ನೂ ಮೂಕವಾಗಿದ್ದ ಕಾಲದಲ್ಲೇ, 1916ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹ್ಯೂಗೋ ಮುನ್‌ಸ್ಟರ್‌ಬರ್ಗ್ ಈ ಹೊಸ ಕಲೆಯ ಬಗ್ಗೆ ಒಂದು ಪುಸ್ತಕ ಬರೆದರು. ಕಥೆ ಸಾಗುತ್ತಿರುವಾಗ ಹಿಂದಿನ ದೃಶ್ಯವೊಂದು ತೆರೆಯ ಮೇಲೆ ಮೂಡುವುದನ್ನು, ಅಂದರೆ ಇಂದು ನಾವು ಫ್ಲ್ಯಾಶ್‌ಬ್ಯಾಕ್ ಎನ್ನುವುದನ್ನು, ಅವರು ನೆನಪಿನ ಕ್ರಿಯೆಯೇ ಹೊರಗೆ ಬಂದು ಕಣ್ಣಿಗೆ ಕಾಣುವಂತಾದದ್ದು ಎಂದು ವಿವರಿಸಿದರು. ಇದೇ ಮುನ್‌ಸ್ಟರ್‌ಬರ್ಗ್ 1908ರಲ್ಲಿ ಸಾಕ್ಷಿಗಳ ನೆನಪು ಎಷ್ಟು ಸುಲಭವಾಗಿ ದಾರಿ ತಪ್ಪುತ್ತದೆ ಎಂಬುದರ ಬಗ್ಗೆಯೂ ಪುಸ್ತಕ ಬರೆದಿದ್ದರು. ತಮ್ಮ ಮನೆಯಲ್ಲಿ ಕಳ್ಳತನವಾದಾಗ ತಾವೇ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯದಲ್ಲಿ ಎಷ್ಟು ತಪ್ಪುಗಳಿದ್ದವು ಎಂಬುದನ್ನು ಅದರಲ್ಲಿ ದಾಖಲಿಸಿದ್ದಾರೆ. ವಿಚಿತ್ರವೆಂದರೆ ಸಿನಿಮಾ ಫ್ಲ್ಯಾಶ್‌ಬ್ಯಾಕ್ ಬಗೆಗಿನ ಅವರ ಮಾತನ್ನು ಹಿಡಿದುಕೊಂಡಿತು, ನೆನಪು ದಾರಿ ತಪ್ಪುತ್ತದೆ ಎಂಬ ಮಾತನ್ನು ದಶಕಗಳ ಕಾಲ ಮರೆತೇಬಿಟ್ಟಿತು. ಹಿಂದಿನ ದೃಶ್ಯವೆಂದರೆ ಕಪಾಟಿನಲ್ಲಿಟ್ಟ ದಾಖಲೆ, ಬೇಕಾದಾಗ ತೆಗೆದು ನೋಡಬಹುದು ಎಂಬಂತೆ ಅದು ನಡೆದುಕೊಂಡಿತು.

ಇದಕ್ಕೆ ಮಾಧ್ಯಮದ ಸ್ವಭಾವವೂ ಕಾರಣ. ಬರಹದಲ್ಲಿ ‘ನನಗೆ ನೆನಪಿರುವಂತೆ’ ಎಂದೋ ‘ಬಹುಶಃ ಆ ದಿನ ಮಳೆ ಬರುತ್ತಿತ್ತು’ ಎಂದೋ ಹೇಳಿ ಅನುಮಾನಕ್ಕೆ ಜಾಗ ಬಿಡಬಹುದು. ಕ್ಯಾಮೆರಾ ‘ಬಹುಶಃ’ ಎನ್ನಲಾರದು. ಮಳೆಯನ್ನು ತೋರಿಸಿದರೆ ಮಳೆ ಸುರಿಯುತ್ತಿದೆ, ಅಷ್ಟೇ. 1950ರ ‘ಸ್ಟೇಜ್ ಫ್ರೈಟ್’ ಚಿತ್ರದ ಆರಂಭದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಒಂದು ಸುಳ್ಳು ಫ್ಲ್ಯಾಶ್‌ಬ್ಯಾಕ್ ಇಟ್ಟಾಗ ಪ್ರೇಕ್ಷಕರು ಮೋಸ ಹೋದವರಂತೆ ಸಿಟ್ಟಾದರು. ಪಾತ್ರವೊಂದು ಬಾಯಿಮಾತಿನಲ್ಲಿ ಸುಳ್ಳು ಹೇಳುವುದನ್ನು ಒಪ್ಪುವ ನಾವು, ಚಿತ್ರಿಕೆಯೇ ಸುಳ್ಳು ಹೇಳುವುದನ್ನು ಒಪ್ಪುವುದಿಲ್ಲ. ಆದ್ದರಿಂದ ನೆನಪನ್ನು ನೆನಪಾಗಿಯೇ, ಅಂದರೆ ಯಾರೋ ಒಬ್ಬರು ಈಗ ಕಟ್ಟಿಕೊಳ್ಳುತ್ತಿರುವ ಸಂಗತಿಯಾಗಿ ತೋರಿಸಬೇಕಾದರೆ, ನಿರ್ದೇಶಕರು ಮಾಧ್ಯಮದ ಈ ಖಚಿತತೆಯ ವಿರುದ್ಧವೇ ಕೆಲಸ ಮಾಡಬೇಕಾಗುತ್ತದೆ.

ನೆನಪು ಕಟ್ಟಿಕೊಳ್ಳುವ ಸಂಗತಿ ಎಂಬುದು ಹೊಸ ಮಾತಲ್ಲ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ, ಜನರು ಕೇಳಿದ ಕಥೆಯನ್ನು ಮತ್ತೆ ಮತ್ತೆ ಹೇಳುವಾಗ ತಮಗೆ ಪರಿಚಿತವಾದ ಅಚ್ಚಿಗೆ ಅದನ್ನು ಒಗ್ಗಿಸಿಕೊಳ್ಳುತ್ತಾರೆ ಎಂದು ತೋರಿಸಿದ್ದರು. 2000ದಲ್ಲಿ ಕರೀಂ ನಾಡೆರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ ಇಲಿಗಳ ಮೇಲೆ ನಡೆಸಿದ ಪ್ರಯೋಗವು, ಒಮ್ಮೆ ಗಟ್ಟಿಯಾದ ಭಯದ ನೆನಪು ಕೂಡ ಮರುಕಳಿಸಿದ ಕ್ಷಣದಲ್ಲಿ ಮತ್ತೆ ಮೆತ್ತಗಾಗಿ, ಹೊಸದಾಗಿ ಗಟ್ಟಿಯಾಗಬೇಕಾಗುತ್ತದೆ ಎಂಬುದನ್ನು ಮಂಡಿಸಿತು. ಇಲಿಯ ಭಯಕ್ಕೂ ಮನುಷ್ಯರು ತಮ್ಮ ಬಾಲ್ಯದ ಬಗ್ಗೆ ಹೇಳಿಕೊಳ್ಳುವ ಕಥನಕ್ಕೂ ಬಹಳ ದೂರವಿದೆ. ಸಿನಿಮಾ ವಿಮರ್ಶೆಗಳಲ್ಲಿ ಈ ಪ್ರಯೋಗವನ್ನು ಎಳೆದಾಡುವಷ್ಟು ಉದಾರವಾಗಿ ನಾನು ಬಳಸಲಾರೆ. ಆಘಾತದ ವಿಷಯದಲ್ಲಿ ಇನ್ನೂ ಒಂದು ಅಂಶವಿದೆ. ತೀವ್ರ ಭಯದಲ್ಲಿ ಮನಸ್ಸು ಘಟನೆಯ ಕೇಂದ್ರವನ್ನು ಬಲವಾಗಿ ಹಿಡಿದುಕೊಂಡು ಅಂಚುಗಳನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಹೊಡೆದ ಕೈ ನೆನಪಿನಲ್ಲಿ ಸ್ಪಷ್ಟವಾಗಿರಬಹುದು, ಅದು ಯಾವ ವಾರ, ಯಾವ ಕೋಣೆ ಎಂಬುದು ಮಸುಕಾಗಿರಬಹುದು.

ಸಿನಿಮಾಕ್ಕೆ ಎಲ್ಲಕ್ಕಿಂತ ಹತ್ತಿರವಾದ ಸಂಶೋಧನೆ ಇನ್ನೊಂದು. ಜಾರ್ಜಿಯಾ ನಿಗ್ರೊ ಮತ್ತು ಉಲ್ರಿಕ್ ನೈಸರ್ 1983ರಲ್ಲಿ ನೆನಪುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ಅಂದು ನಮ್ಮ ಕಣ್ಣಿಗೆ ಕಂಡಂತೆಯೇ ಮರುಕಳಿಸುವವು, ಮತ್ತು ನಮ್ಮನ್ನೇ ನಾವು ಹೊರಗೆ ನಿಂತು ನೋಡುತ್ತಿರುವಂತೆ ಮರುಕಳಿಸುವವು. ಎರಡನೆಯ ಬಗೆಯ ನೆನಪಿನಲ್ಲಿ ಕಾಣುವ ದೃಶ್ಯ ನಮ್ಮ ಕಣ್ಣಿಗೆ ಎಂದೂ ಬಿದ್ದಿರಲು ಸಾಧ್ಯವಿಲ್ಲ. 1899ರಷ್ಟು ಹಿಂದೆಯೇ ಸಿಗ್ಮಂಡ್ ಫ್ರಾಯ್ಡ್ ಇದನ್ನು ಗಮನಿಸಿ, ಬಾಲ್ಯದ ನೆನಪಿನಲ್ಲಿ ನಾವು ನಮ್ಮನ್ನೇ ಒಂದು ಮಗುವಾಗಿ ಕಾಣುತ್ತೇವೆ ಎಂದರೆ ಆ ನೆನಪನ್ನು ಯಾರೋ ಆಮೇಲೆ ತಿದ್ದಿದ್ದಾರೆ ಎಂದೇ ಅರ್ಥ ಎಂದು ವಾದಿಸಿದ್ದರು. ಹಾಗಾದರೆ ಆ ತಿದ್ದಿದ ಕೈ ಯಾರದು, ಯಾವ ವಯಸ್ಸಿನದು, ಏಕೆ ತಿದ್ದಿತು? ಬಾಲ್ಯದ ಆಘಾತವನ್ನು ಕುರಿತ ಗಂಭೀರ ಸಿನಿಮಾ ಹೊರಡುವುದು ಈ ಪ್ರಶ್ನೆಗಳಿಂದ.

ಇದನ್ನು ಅತ್ಯಂತ ನೇರವಾಗಿ ಎದುರಿಸಿದ ಚಿತ್ರವೆಂದರೆ 2018ರ ‘ದ ಟೇಲ್’. ಸಾಕ್ಷ್ಯಚಿತ್ರ ನಿರ್ದೇಶಕಿ ಜೆನ್ನಿಫರ್ ಫಾಕ್ಸ್ ಇದನ್ನು ತಮ್ಮ ಬದುಕಿನ ಮೇಲೆಯೇ ಮಾಡಿದರು. ನಾಯಕಿಗೂ ಅವರದೇ ಹೆಸರು, ಪಾತ್ರದಲ್ಲಿ ಲಾರಾ ಡರ್ನ್. ಹದಿಮೂರನೆಯ ವಯಸ್ಸಿನಲ್ಲಿ ವಯಸ್ಕ ತರಬೇತುದಾರನೊಬ್ಬನೊಡನೆ ತನಗಿದ್ದ ‘ಸಂಬಂಧ’ವನ್ನು ಒಂದು ಪ್ರೇಮಪ್ರಸಂಗವೆಂದೇ ನಂಬಿಕೊಂಡು ಬಂದ ಹೆಂಗಸಿನ ಕೈಗೆ, ಆ ವಯಸ್ಸಿನಲ್ಲಿ ತಾನೇ ಬರೆದಿದ್ದ ಕಥೆಯೊಂದು ತಾಯಿಯ ಮೂಲಕ ಮರಳಿ ಬರುತ್ತದೆ. ಆಕೆ ಹಿಂದಿನದನ್ನು ನೆನೆಯತೊಡಗಿದಾಗ ತೆರೆಯ ಮೇಲೆ ಬರುವ ಹುಡುಗಿ ಎತ್ತರವಾಗಿದ್ದಾಳೆ, ಆತ್ಮವಿಶ್ವಾಸದಿಂದಿದ್ದಾಳೆ, ಬಹುಮಟ್ಟಿಗೆ ಯುವತಿಯೇ. ನಾವೂ ಅದನ್ನು ಒಪ್ಪಿಕೊಂಡು ನೋಡುತ್ತಿರುತ್ತೇವೆ. ಆಮೇಲೆ ತಾಯಿ ಫೋಟೋ ಆಲ್ಬಮ್ ತೆರೆಯುತ್ತಾಳೆ. ಮಗಳು ತಾನೆಂದುಕೊಂಡ ಚಿತ್ರ ಹದಿಮೂರರದಲ್ಲ, ಎರಡು ವರ್ಷ ಆಮೇಲಿನದು. ಹದಿಮೂರರ ಫೋಟೋದಲ್ಲಿ ಇರುವುದು ಇನ್ನೂ ಎಳೆಯ, ಪುಟ್ಟ ಹುಡುಗಿ. ಅಲ್ಲಿಂದ ಮುಂದೆ ಅವೇ ದೃಶ್ಯಗಳು ಬೇರೊಬ್ಬ ಬಾಲನಟಿಯೊಂದಿಗೆ ಮತ್ತೆ ನಡೆಯುತ್ತವೆ.

ಇಲ್ಲಿ ಬದಲಾದದ್ದು ಏನು ಎಂಬುದನ್ನು ಸೂಕ್ಷ್ಮವಾಗಿ ನೋಡಬೇಕು. ಘಟನೆ ಬದಲಾಗಲಿಲ್ಲ, ಸ್ಥಳ ಬದಲಾಗಲಿಲ್ಲ, ಆಡಿದ ಮಾತುಗಳೂ ಹೆಚ್ಚುಕಡಿಮೆ ಅವೇ. ಬದಲಾದದ್ದು ಹುಡುಗಿಯ ದೇಹದ ಅಳತೆ ಮಾತ್ರ. ಅಷ್ಟರಿಂದಲೇ ಪ್ರೇಮಪ್ರಸಂಗ ಅಪರಾಧವಾಗಿಬಿಡುತ್ತದೆ. ತನ್ನನ್ನು ಸ್ವಲ್ಪ ದೊಡ್ಡವಳನ್ನಾಗಿ ನೆನಪಿಟ್ಟುಕೊಳ್ಳುವುದು ಆ ಮಗು ತನಗಾಗಿ ಮಾಡಿಕೊಂಡ ಏರ್ಪಾಡು: ದೊಡ್ಡವಳಾಗಿದ್ದರೆ ಅದು ತನ್ನ ಆಯ್ಕೆಯಾಗಿತ್ತು, ಆಯ್ಕೆಯಾಗಿದ್ದರೆ ತಾನು ಬಲಿಪಶುವಲ್ಲ. ಚಿತ್ರದಲ್ಲಿ ವಯಸ್ಕ ಜೆನ್ನಿಫರ್ ತನ್ನ ನೆನಪಿನೊಳಗಿನ ವ್ಯಕ್ತಿಗಳನ್ನು ಸಾಕ್ಷ್ಯಚಿತ್ರದವರ ಪದ್ಧತಿಯಂತೆ ನಿಲ್ಲಿಸಿ ಸಂದರ್ಶನ ಮಾಡುತ್ತಾಳೆ. ಆ ಹುಡುಗಿಯೂ ಉತ್ತರಿಸುತ್ತಾಳೆ, ವಾದಿಸುತ್ತಾಳೆ, ತನ್ನನ್ನು ಬಲಿಪಶು ಎಂದು ಕರೆಯುವುದನ್ನು ನಿರಾಕರಿಸುತ್ತಾಳೆ. ನೆನಪನ್ನು ಆರಿಸಿದ ಮಗು ಮತ್ತು ಅದನ್ನು ಪ್ರಶ್ನಿಸುವ ವಯಸ್ಕಳು ಒಂದೇ ಚೌಕಟ್ಟಿನಲ್ಲಿ ಎದುರಾಗುವುದು ಬೇರೆ ಯಾವ ಕಲೆಯಲ್ಲಾದರೂ ಇಷ್ಟು ಸಹಜವಾಗಿ ಸಾಧ್ಯವೇ ಎಂಬ ಅನುಮಾನ ನನಗಿದೆ.

ಮೇಲೆ ಹೇಳಿದ ಫ್ರಾಯ್ಡ್ ಅವರೇ ಇನ್ನೊಂದು ವಿಷಯವನ್ನೂ ಗಮನಿಸಿದ್ದರು: ಕೆಲವು ಅನುಭವಗಳು ನಡೆದಾಗ ಅಲ್ಲ, ವರ್ಷಗಳ ಬಳಿಕ ಅವುಗಳ ಅರ್ಥ ತಿಳಿದಾಗ ಆಘಾತವಾಗುತ್ತವೆ. ಅವರ ಎಷ್ಟೋ ಸಿದ್ಧಾಂತಗಳನ್ನು ಇಂದು ಪಕ್ಕಕ್ಕಿಡಬೇಕಾಗಿದ್ದರೂ ಈ ಒಂದು ಮಾತು ಬಾಲ್ಯದ ವಿಷಯದಲ್ಲಿ ಇನ್ನೂ ಉಪಯುಕ್ತವಾಗಿದೆ, ಏಕೆಂದರೆ ಮಗುವಿಗೆ ನಡೆದದ್ದರ ವಿವರ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಗ್ರೆಗ್ ಅರಾಕಿ ನಿರ್ದೇಶಿಸಿದ 2004ರ ‘ಮಿಸ್ಟೀರಿಯಸ್ ಸ್ಕಿನ್’ ಈ ವಿಷಯದ ಎರಡು ಮುಖಗಳನ್ನು ಇಬ್ಬರು ಹುಡುಗರಿಗೆ ಹಂಚುತ್ತದೆ. ಎಂಟನೆಯ ವಯಸ್ಸಿನಲ್ಲಿ ಇಬ್ಬರ ಮೇಲೂ ಒಬ್ಬನೇ ತರಬೇತುದಾರ ದೌರ್ಜನ್ಯ ಎಸಗಿದ್ದಾನೆ. ಒಬ್ಬನಿಗೆ ಬದುಕಿನ ಐದು ಗಂಟೆಗಳೇ ಕಾಣೆಯಾಗಿವೆ, ಆ ಖಾಲಿ ಜಾಗವನ್ನು ಅವನು ಅನ್ಯಗ್ರಹ ಜೀವಿಗಳು ತನ್ನನ್ನು ಹೊತ್ತೊಯ್ದರು ಎಂಬ ಕಲ್ಪನೆಯಿಂದ ತುಂಬಿಕೊಂಡಿದ್ದಾನೆ. ಇನ್ನೊಬ್ಬನಿಗೆ ಎಲ್ಲವೂ ಸ್ಪಷ್ಟವಾಗಿ ನೆನಪಿದೆ, ಆದರೆ ಅದನ್ನು ಅವನು ತನಗೆ ಸಿಕ್ಕ ವಿಶೇಷ ಪ್ರೀತಿ ಎಂದುಕೊಂಡಿದ್ದಾನೆ. ಇಬ್ಬರಲ್ಲಿ ಯಾರ ನೆನಪು ಹೆಚ್ಚು ಸರಿ? ವಿವರಗಳನ್ನು ಕೇಳಿದರೆ ಎರಡನೆಯವನದು. ಆದರೆ ತನಗೇನೋ ಭಯಂಕರವಾದದ್ದು ಆಗಿದೆ, ಅದನ್ನು ಮಾಡಿದವರು ತನ್ನವರಲ್ಲ ಎಂದು ತಿಳಿದಿರುವವನು ಮೊದಲನೆಯವನೇ. ನೆನಪಿನ ನಿಖರತೆಯನ್ನು ಒಂದೇ ಮಾಪಕದಲ್ಲಿ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚುವುದಿಲ್ಲ.

ಈ ಎರಡೂ ಚಿತ್ರಗಳ ತಯಾರಿಕೆಯಲ್ಲಿ ಒಂದು ಸಾಮ್ಯವಿದೆ, ಅದು ಕೇವಲ ತಾಂತ್ರಿಕವಲ್ಲ. ಬಾಲನಟರನ್ನು ಇಂಥ ದೃಶ್ಯಗಳಿಂದ ದೂರವಿಡಬೇಕಾದ್ದರಿಂದ ‘ದ ಟೇಲ್’ನಲ್ಲಿ ವಯಸ್ಕ ಬದಲಿ ನಟಿಯನ್ನು ಬಳಸಲಾಯಿತು, ಅರಾಕಿ ಮಕ್ಕಳ ಮುಖಗಳನ್ನು ಬೇರೆಯಾಗಿ ಚಿತ್ರಿಸಿಕೊಂಡು ಸಂಕಲನದಲ್ಲಿ ಜೋಡಿಸಿದರು. ಅಂದರೆ ನಾವು ತೆರೆಯ ಮೇಲೆ ನೋಡಿ ನಡುಗುವ ದೃಶ್ಯ ಚಿತ್ರೀಕರಣದಲ್ಲಿ ಎಲ್ಲಿಯೂ ಇಡಿಯಾಗಿ ನಡೆದಿಲ್ಲ. ತುಣುಕುಗಳ ನಡುವಿನ ಖಾಲಿಯನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ನೆನಪು ಕೆಲಸ ಮಾಡುವುದೂ ಬಹುಪಾಲು ಹೀಗೆಯೇ.

ನೆನಪನ್ನು ತಿದ್ದುವ ಕೈ ಯಾವಾಗಲೂ ಆತ್ಮರಕ್ಷಣೆಯದೇ ಆಗಿರಬೇಕಿಲ್ಲ, ಅಪರಾಧಪ್ರಜ್ಞೆಯದೂ ಆಗಿರಬಹುದು. ಜಪಾನಿನ ಲೇಖಕ ಅಕಿಯುಕಿ ನೊಸಾಕಾ ಹದಿಹರೆಯದಲ್ಲಿ, 1945ರ ಯುದ್ಧದ ಕೊನೆಯ ತಿಂಗಳುಗಳಲ್ಲಿ, ಮನೆಯವರನ್ನೂ ಆಶ್ರಯವನ್ನೂ ಕಳೆದುಕೊಂಡು, ಒಂದೂವರೆ ವರ್ಷವೂ ತುಂಬದ ತಂಗಿಯೊಬ್ಬಳು ಹಸಿವಿನಿಂದ ಸಾಯುವುದನ್ನು ಕಂಡವರು. 1967ರಲ್ಲಿ ಅದನ್ನು ಕಥೆಯಾಗಿ ಬರೆದಾಗ ತಂಗಿಯನ್ನು ಮಾತಾಡಬಲ್ಲ ನಾಲ್ಕು ವರ್ಷದವಳನ್ನಾಗಿ ಮಾಡಿದರು, ಅಣ್ಣನನ್ನು ತನಗಿಂತ ಬಹಳ ಅಕ್ಕರೆಯವನನ್ನಾಗಿ ಮಾಡಿದರು, ಕೊನೆಗೆ ಅವನನ್ನೂ ಸಾಯಿಸಿದರು. ತಂಗಿಗೆ ಸಲ್ಲಬೇಕಿದ್ದ ಆಹಾರವನ್ನು ತಾನು ತಿಂದದ್ದುಂಟು, ಕಥೆಯ ಅಣ್ಣನಷ್ಟು ಒಳ್ಳೆಯವನು ತಾನಾಗಿರಲಿಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು. ಹೀಗೆ ಆ ಕಥೆ ಒಂದು ಸುಳ್ಳು ನೆನಪಲ್ಲ; ತಾನು ಇರಬೇಕಿದ್ದ ಅಣ್ಣನನ್ನು ಸೃಷ್ಟಿಸಿ, ಬದುಕುಳಿದ ತಪ್ಪಿಗೆ ಅವನ ಮೂಲಕ ದಂಡ ತೆತ್ತದ್ದು.

ಇಸಾವೊ ತಕಾಹತಾ 1988ರಲ್ಲಿ ಇದನ್ನು ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎಂಬ ಆ್ಯನಿಮೇಷನ್ ಚಿತ್ರವಾಗಿಸಿದಾಗ ಇನ್ನೊಂದು ಪದರ ಸೇರಿತು, ಏಕೆಂದರೆ ತಕಾಹತಾ ಕೂಡ ಒಂಬತ್ತನೆಯ ವಯಸ್ಸಿನಲ್ಲಿ ಒಕಾಯಾಮ ನಗರದ ಮೇಲಿನ ಬಾಂಬ್ ದಾಳಿಯಿಂದ ತಪ್ಪಿಸಿಕೊಂಡವರು. ಚಿತ್ರ ಆರಂಭವಾಗುವುದು ಸತ್ತ ಅಣ್ಣನ ದನಿಯಿಂದ, ತಾನು ಸತ್ತ ರಾತ್ರಿಯ ತಾರೀಖಿನಿಂದ. ಆಮೇಲೆ ಕೆಂಪು ಬೆಳಕಿನಲ್ಲಿ ಮಿಂದ ಅವನ ಪ್ರೇತ ಪಕ್ಕದಲ್ಲಿ ನಿಂತು ತನ್ನ ಬದುಕನ್ನೇ ನೋಡುತ್ತಿರುತ್ತದೆ. ಹೊರಗೆ ನಿಂತು ತನ್ನನ್ನು ತಾನೇ ನೋಡುವ ಆ ಎರಡನೆಯ ಬಗೆಯ ನೆನಪು ಇಲ್ಲಿ ಒಂದು ಪಾತ್ರವಾಗಿಯೇ ಬಂದಿದೆ. ಚಿತ್ರವನ್ನು ಕೇವಲ ಕಣ್ಣೀರಿಗಾಗಿ ನೆನಪಿಟ್ಟುಕೊಳ್ಳುವವರು ಈ ಪ್ರೇತವನ್ನು ಮರೆತುಬಿಡುತ್ತಾರೆ.

ಫ್ರಾನ್ಸಿನ ಲೂಯಿ ಮಾಲ್ ಅವರ ಪ್ರಕರಣವೂ ಇದಕ್ಕೆ ಹತ್ತಿರದ್ದೇ. 1944ರ ಜನವರಿಯಲ್ಲಿ ತಮ್ಮ ವಸತಿ ಶಾಲೆಯಿಂದ ಯಹೂದಿ ಸಹಪಾಠಿಗಳನ್ನು ನಾಜಿಗಳು ಎಳೆದೊಯ್ದದ್ದನ್ನು ಅವರು ಸಿನಿಮಾ ಮಾಡಿದ್ದು 1987ರಲ್ಲಿ, ‘ಒ ರೆವಾರ್ ಲೆಸಾಂಫಾಂ’ ಎಂಬ ಹೆಸರಿನಲ್ಲಿ. ಚಿತ್ರದ ಕೊನೆಗೆ ಬರುವ ದನಿ ಮಾಲ್ ಅವರದೇ. ಆ ಬೆಳಗಿನ ಪ್ರತಿ ಕ್ಷಣವೂ ಸಾಯುವವರೆಗೆ ನೆನಪಿರುತ್ತದೆ ಎಂದು ಅದು ಹೇಳುತ್ತದೆ. ಆ ಮಾತು ಪ್ರಾಮಾಣಿಕವಾದದ್ದು ಎಂದು ನಂಬುತ್ತೇನೆ. ಆದರೆ ಹಾಗೆ ಹೇಳುವವನು ಹನ್ನೊಂದು ವರ್ಷದ ಹುಡುಗನಲ್ಲ, ನಲವತ್ತಮೂರು ವರ್ಷ ಆ ಬೆಳಗನ್ನು ಹೊತ್ತು ತಿರುಗಿದವನು ಎಂಬುದನ್ನೂ ಆ ದನಿಯೇ ಕೇಳಿಸುತ್ತದೆ.

ಇಂಥ ಚಿತ್ರಗಳ ಪಕ್ಕದಲ್ಲಿ ಕನ್ನಡದ ‘ಘಟಶ್ರಾದ್ಧ’ವನ್ನು (1977) ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಗಿರೀಶ ಕಾಸರವಳ್ಳಿ ಅವರು ಯಮುನಕ್ಕನಿಗಾಗುವ ಕ್ರೌರ್ಯವನ್ನು ನಾಣಿಯೆಂಬ ಹುಡುಗನ ಕಣ್ಣಿನ ಮಟ್ಟದಿಂದ ತೋರಿಸುತ್ತಾರೆ. ನಾಣಿ ಇದನ್ನು ಮುಂದೆ ಹೇಗೆ ನೆನೆಯುತ್ತಾನೆ ಎಂಬುದು ಚಿತ್ರದಾಚೆಗೆ ಉಳಿಯುತ್ತದೆ. ಅದು ನೆನಪಿನ ಸಿನಿಮಾ ಅಲ್ಲ, ನೆನಪಾಗಲಿರುವುದರ ಸಿನಿಮಾ.

ಇನ್ನು ಕೆಟ್ಟ ಮಾದರಿಯ ವಿಷಯ. ಹಿಚ್‌ಕಾಕ್ ಅವರ ‘ಸ್ಪೆಲ್‌ಬೌಂಡ್’ (1945) ಮತ್ತು ‘ಮಾರ್ನಿ’ (1964) ಎರಡರಲ್ಲೂ ವಯಸ್ಕರ ಎಲ್ಲ ತೊಂದರೆಗೂ ಬಾಲ್ಯದ ಒಂದೇ ಒಂದು ಮರೆತ ಘಟನೆ ಕಾರಣ; ಆ ದೃಶ್ಯ ನೆನಪಾದೊಡನೆ ಗಂಟು ಬಿಚ್ಚಿಕೊಳ್ಳುತ್ತದೆ. ಸಿನಿಮಾಗಳಾಗಿ ಅವುಗಳ ಬಗ್ಗೆ ನನಗೆ ಗೌರವವಿದೆ, ಆದರೆ ಅವು ಜನಪ್ರಿಯಗೊಳಿಸಿದ ಮಾದರಿ ಹಾನಿ ಮಾಡಿದೆ. ಆಘಾತವೆಂದರೆ ಮುಚ್ಚಿದ ಕೋಣೆ, ಚಿಕಿತ್ಸೆಯೆಂದರೆ ಕೀಲಿಕೈ, ಒಳಗಿರುವ ದೃಶ್ಯ ಮಾತ್ರ ಕಿಂಚಿತ್ತೂ ಕೆಡದೆ ಹಾಗೆಯೇ ಇರುತ್ತದೆ ಎಂಬ ನಂಬಿಕೆ 1980 ಮತ್ತು 90ರ ದಶಕಗಳ ಅಮೆರಿಕದಲ್ಲಿ ಕೆಲವು ಚಿಕಿತ್ಸಕರ ಕೋಣೆಗಳಿಗೂ ಹೊಕ್ಕಿತು. ಸಂಮೋಹನ ಮತ್ತು ಒತ್ತಾಯದ ಕಲ್ಪನೆಗಳ ಮೂಲಕ ‘ಹೊರತೆಗೆದ’ ಎಷ್ಟೋ ನೆನಪುಗಳು ನ್ಯಾಯಾಲಯದವರೆಗೂ ಹೋದವು. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಮಳಿಗೆಯೊಂದರಲ್ಲಿ ಕಳೆದುಹೋಗಿದ್ದೆ ಎಂಬ ಕಲ್ಪಿತ ಕಥೆಯನ್ನು 24 ಜನರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ತಮ್ಮ ನೆನಪೆಂದು ಒಪ್ಪಿಕೊಂಡರು.

ನಿಮ್ಮ ಎರಡನೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ, ಮತ್ತು ಅದು ನ್ಯಾಯವಾದ ಆತಂಕ. ಆದರೆ ಆ ಅಧ್ಯಯನವನ್ನು ಅದು ಹೇಳುವಷ್ಟಕ್ಕೆ ಮಾತ್ರ ಓದಬೇಕು. ನಂಬಿಕೆಯುಳ್ಳವರು ಒತ್ತಿ ಹೇಳಿದಾಗ ಕೆಲವರಲ್ಲಿ ಇಲ್ಲದ ನೆನಪು ಮೂಡಬಹುದು ಎಂದು ಅದು ಹೇಳುತ್ತದೆ. ಬಾಲ್ಯದ ದೌರ್ಜನ್ಯದ ನೆನಪುಗಳೆಲ್ಲ ಅಂಥವೇ ಎಂದು ಹೇಳುವುದಿಲ್ಲ. ಅದರ ಜೊತೆಗೆ ಲಿಂಡಾ ವಿಲಿಯಮ್ಸ್ ಅವರ 1994ರ ಅಧ್ಯಯನವನ್ನೂ ಇಟ್ಟು ನೋಡಬೇಕು. ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದದ್ದು ಆಸ್ಪತ್ರೆಯ ದಾಖಲೆಗಳಲ್ಲೇ ಇದ್ದ 129 ಮಹಿಳೆಯರನ್ನು ಹದಿನೇಳು ವರ್ಷಗಳ ಬಳಿಕ ಮಾತನಾಡಿಸಿದಾಗ, ಅವರಲ್ಲಿ ಶೇಕಡಾ 38ರಷ್ಟು ಮಂದಿ ಆ ಘಟನೆಯನ್ನು ಹೇಳಲಿಲ್ಲ. ಹೇಳದಿರುವುದೆಲ್ಲ ಮರೆವು ಎಂದು ತಿಳಿಯಬೇಕಿಲ್ಲ. ನಾಚಿಕೆ, ಭಯ, ಅಪರಿಚಿತರ ಮುಂದಿನ ಸಂಕೋಚ ಇವೆಲ್ಲವೂ ಇರಬಹುದು. ಆದರೂ ನೆನಪಿಲ್ಲ ಎಂದ ಮಾತ್ರಕ್ಕೆ ನಡೆದಿಲ್ಲ ಎನ್ನಲಾಗದು ಎಂಬುದಂತೂ ಅದರಿಂದ ಸ್ಪಷ್ಟ.

ಈ ಬೆಳಕಿನಲ್ಲಿ ‘ದ ಟೇಲ್’ ಯಾರ ಕೈಗೆ ಅಸ್ತ್ರ ಕೊಡುತ್ತದೆ ಎಂದು ನೋಡಿ. ಅಲ್ಲಿ ನೆನಪು ತಪ್ಪಾಗಿತ್ತು, ನಿಜ. ಆದರೆ ಆ ತಪ್ಪು ಅಪರಾಧಿಗೆ ಅನುಕೂಲವಾಗಿ ಕೆಲಸ ಮಾಡುತ್ತಿತ್ತು. ವರ್ಷಗಟ್ಟಲೆ ಅವನನ್ನು ಕಾಪಾಡಿದ್ದು ಆ ತಪ್ಪು ನೆನಪೇ. ತಿದ್ದಿದ್ದು ಚಿಕಿತ್ಸಕರ ಸೂಚನೆಯಲ್ಲ, ಒಂದು ಫೋಟೋ, ಮಗುವೇ ಅಂದು ಬರೆದಿದ್ದ ಹಾಳೆಗಳು, ಆಗ ಅಲ್ಲಿದ್ದ ಬೇರೆ ಜನರ ಮಾತು. ನೆನಪು ಬದಲಾಗಬಲ್ಲದು ಎಂದು ಹೇಳಿ ನೊಂದವರನ್ನು ಬಾಯಿ ಮುಚ್ಚಿಸುವವರು, ನೆನಪು ಘಟನೆಯನ್ನು ಹಿಗ್ಗಿಸುತ್ತದೆ ಎಂದು ಮಾತ್ರ ಭಾವಿಸುತ್ತಾರೆ; ಅದು ಘಟನೆಯನ್ನು ಕುಗ್ಗಿಸುವುದೂ, ಮೃದುಗೊಳಿಸುವುದೂ, ಪ್ರೀತಿಯ ಬಣ್ಣ ಬಳಿಯುವುದೂ ಅಷ್ಟೇ ಸಾಧ್ಯ.

ಸಿನಿಮಾ ಮಾಡಿದವರ ನೆನಪನ್ನೂ ಸಿನಿಮಾ ಬದಲಿಸುತ್ತದೆ ಎಂಬುದನ್ನು ಸೇರಿಸಬೇಕು. ಆಂದ್ರೆ ತಾರ್ಕೊವ್‌ಸ್ಕಿ ‘ಮಿರರ್’ (1975) ಚಿತ್ರಕ್ಕಾಗಿ ತಮ್ಮ ಬಾಲ್ಯದ ಮನೆಯನ್ನು ಅದಿದ್ದ ಜಾಗದಲ್ಲೇ ಮತ್ತೆ ಕಟ್ಟಿಸಿದರು, ತಾಯಿ ಮತ್ತು ಹೆಂಡತಿ ಎರಡೂ ಪಾತ್ರಗಳನ್ನು ಒಬ್ಬಳೇ ನಟಿಗೆ ಕೊಟ್ಟರು. ತಾಯಿಯನ್ನು ನೆನೆದಾಗಲೆಲ್ಲ ಆಕೆಗೆ ನಿನ್ನ ಮುಖವೇ ಇರುತ್ತದೆ ಎಂದು ಚಿತ್ರದ ನಿರೂಪಕ ಹೆಂಡತಿಗೆ ಹೇಳುತ್ತಾನೆ. ವರ್ಷಗಳ ಕಾಲ ಕಾಡಿದ ಆ ಮನೆಯ ಕನಸು ಚಿತ್ರ ಮುಗಿದ ಮೇಲೆ ನಿಂತುಹೋಯಿತೆಂದು ತಾರ್ಕೊವ್‌ಸ್ಕಿ ಬರೆದಿದ್ದಾರೆ. ಇದನ್ನು ಗುಣವಾಗುವಿಕೆ ಎಂದು ಕೊಂಡಾಡುವವರಿದ್ದಾರೆ. ನನಗೆ ಅಷ್ಟು ಖಾತರಿಯಿಲ್ಲ. ಹಳೆಯ ನೆನಪಿನ ಜಾಗದಲ್ಲಿ ಆಮೇಲೆ ತಾವೇ ಚಿತ್ರಿಸಿದ ಶಾಟ್‌ಗಳು ಬಂದು ಕುಳಿತಿರುವುದೂ ಅಷ್ಟೇ ಸಂಭವನೀಯ. ಆತ್ಮಕಥನದ ಸಿನಿಮಾ ಮಾಡಿದವರು ಆಮೇಲೆ ಸಂದರ್ಶನಗಳಲ್ಲಿ ತಮ್ಮ ಬಾಲ್ಯದ ಬಗ್ಗೆ ಹೇಳುವುದನ್ನು ನಾನು ಈ ಕಾರಣಕ್ಕೇ ಸ್ವಲ್ಪ ಎಚ್ಚರದಿಂದ ಓದುತ್ತೇನೆ, ಸಿನಿಮಾಕ್ಕೆ ಮುಂಚೆ ಅವರು ಬರೆದದ್ದೋ ಹೇಳಿದ್ದೋ ಸಿಕ್ಕರೆ ಅದನ್ನು ಮೊದಲು ನೋಡುತ್ತೇನೆ.